ನೆತ್ತಿಗೆ ಹತ್ತಿದಾಗ

ಮಗಳೇ,

ಮೊನ್ನೆ ನಿಮ್ಮ ಮನೆಯ ನಾಮಕರಣದ ಊಟದಲ್ಲಿ ನಾನು ನಿನ್ನ ಮಾವನವರ ಎದುರು ಸಾಲಿನಲ್ಲೇ ಕೂತಿದ್ದೆ. ಸಾರನ್ನ ಕಲಸಿ ಎರಡನೇ ತುತ್ತು ಬಾಯಿಗಿಟ್ಟುಕೊಂಡರು, ನೆತ್ತಿಗೆ ಹತ್ತಿತು. ಪಕ್ಕದವರು ನೆತ್ತಿ ತಟ್ಟಿ, "ಯಾರೋ ನೆನೆಸ್ಕೊಂಡ್ರು, ಪುಣೆಯಲ್ಲಿರೋ ಮಗಳೇ ಇರಬೇಕು" ಅಂದರು. ಇನ್ನೊಬ್ಬರು ನೀರಿನ ಚೊಂಬು ಕೊಟ್ಟರು. ಅವರು ಕತ್ತು ಹಿಂದಕ್ಕೆ ಚೆಲ್ಲಿ ಎತ್ತಿ ಕುಡಿದರು. ಮತ್ತೆ ಕೆಮ್ಮು ಬಂತು. ಸ್ವಲ್ಪ ಹೊತ್ತಿಗೆ ನಿಂತಿತು, ಪಾಯಸ ಬಂತು, ಎಲ್ಲರೂ ಮರೆತರು. ನನಗೆ ಮಾತ್ರ ಮರೆಯಲಾಗಲಿಲ್ಲ. ಕೈ ತೊಳೆಯುವ ಹತ್ತಿರ ಅವರು "ಯಾವಾಗ ಬಂದ್ರಿ?" ಅಂತ ನನ್ನನ್ನು ಮಾತಾಡಿಸಿದಾಗ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಅನ್ನುವ ದನಿ. ಆ ದನಿ ನನಗೆ ಚೆನ್ನಾಗಿ ಗುರುತು. ನಿನ್ನ ದೊಡ್ಡಪ್ಪನವರ ಗಂಟಲಲ್ಲಿ ಅದನ್ನು ಎರಡು ವರ್ಷ ಕೇಳಿದ್ದೇನೆ, ಅದರ ಅರ್ಥ ಗೊತ್ತಿಲ್ಲದೆ.

ಅಲ್ಲೇ ಹೇಳಬಹುದಿತ್ತು. ನೆಂಟರಿಷ್ಟರ ನಡುವೆ, ಅದೂ ಅವರ ಕಿವಿಗೆ ಬೀಳುವ ಹಾಗೆ ಆ ಮಾತು ಎತ್ತಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಪಾರ್ಕಿನ್ಸನ್ ಕಾಯಿಲೆಯ ಗಂಡನಿಗೆ 11 ವರ್ಷ ಬಡಿಸಿದವಳು. ಅದರಲ್ಲಿ ಮೊದಲ ಏಳೆಂಟು ವರ್ಷ ತಪ್ಪಾಗಿ ಬಡಿಸಿದೆ. ಮಾವನವರಿಗೆ ಕಾಯಿಲೆ ಗೊತ್ತಾಗಿ ನಾಲ್ಕು ವರ್ಷ ಆಯಿತು ಅಂದೆಯಲ್ಲ, ಈ ಮಾತು ಈಗಲೇ ಕೇಳಿಸಿಕೊಂಡರೆ ಉಪಯೋಗಕ್ಕೆ ಬರುತ್ತದೆ.

ನಾವು ಈ ಕಾಯಿಲೆಯಲ್ಲಿ ಕೈ ನಡುಕವನ್ನು ನೋಡುತ್ತೇವೆ, ಹೆಜ್ಜೆ ಎಳೆಯುವುದನ್ನು ನೋಡುತ್ತೇವೆ. ಗಂಟಲು ಒಳಗಿರುವ ಅಂಗ, ಕಣ್ಣಿಗೆ ಬೀಳುವುದಿಲ್ಲ. ಆದರೆ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಮೇಲೆ ಪುಸ್ತಿಕೆ ಬರೆದಾಗಲೇ ರೋಗಿಗಳು ನುಂಗಲು ಪಡುವ ಕಷ್ಟವನ್ನೂ ಬಾಯಿಂದ ಸುರಿಯುವ ಜೊಲ್ಲನ್ನೂ ಬರೆದಿಟ್ಟಿದ್ದರು. ನುಂಗುವುದು ಎಷ್ಟು ದೊಡ್ಡ ಕೆಲಸ ಅಂತ ತಿಳಿಯಬೇಕಾದರೆ ಗಂಟಲ ಉಬ್ಬಿನ ಮೇಲೆ ಬೆರಳಿಟ್ಟು ಒಂದು ಸಲ ಎಂಜಲು ನುಂಗಿ ನೋಡು. ಆ ಉಬ್ಬು ಮೇಲಕ್ಕೆ ಜಿಗಿದು ಇಳಿಯುತ್ತದೆ. ಅಷ್ಟರಲ್ಲಿ ಉಸಿರು ನಿಂತಿರುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿರುತ್ತದೆ, ಅನ್ನನಾಳದ ಬಾಯಿ ತೆರೆದಿರುತ್ತದೆ. ಗಂಟಲಲ್ಲಿ ಇಷ್ಟೂ ನಡೆಯಲು ಸಿಗುವುದು ಸುಮಾರು ಒಂದು ಸೆಕೆಂಡು. ಆಮೇಲೆ ಒಂದು ಗೇಣಿಗಿಂತ ತುಸು ಉದ್ದದ ಅನ್ನನಾಳ ತುತ್ತನ್ನು ಹಿಂಡಿ ಹಿಂಡಿ ಹೊಟ್ಟೆಗೆ ಇಳಿಸುತ್ತದೆ. ಕೈಕಾಲು ನಿಧಾನವಾದವರಿಗೆ ನಾಲಿಗೆಯೂ ಗಂಟಲೂ ನಿಧಾನವಾಗುತ್ತವೆ. ತುತ್ತು ಇಳಿಯುತ್ತದೆ, ಬಾಗಿಲು ಮುಚ್ಚುವುದು ತಡವಾಗುತ್ತದೆ. ನೀರಾದರೆ ಇನ್ನೂ ಬೇಗ ಜಾರುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಕೆಮ್ಮಿದರೆ ಹೆದರುತ್ತೇವೆ, ಕೆಮ್ಮದಿದ್ದರೆ ಸಮಾಧಾನ ಪಡುತ್ತೇವೆ. ನಾನೂ ಹಾಗೇ ಇದ್ದೆ. ನಿನ್ನ ದೊಡ್ಡಪ್ಪನವರಿಗೆ ಊಟದಲ್ಲಿ ಬರುತ್ತಿದ್ದ ಕೆಮ್ಮು ಒಂದು ಮಳೆಗಾಲದಲ್ಲಿ ತಾನಾಗಿ ನಿಂತಿತು. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಸಂಜೆ ಹೊತ್ತು ಮೈ ಬೆಚ್ಚಗಾಗಲು ಶುರುವಾಯಿತು, ಅಂಗಿ ಹೆಗಲಿಂದ ಜಾರಲು ಶುರುವಾಯಿತು, ಅರ್ಧ ಗಂಟೆಯ ಊಟ ಒಂದು ಗಂಟೆಯಾಯಿತು. ವಯಸ್ಸು ಅಂದುಕೊಂಡೆವು. ಕೊನೆಗೆ ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದಾಗ ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಕೆಳಭಾಗ ಬೆಳ್ಳಗಿತ್ತು. ನ್ಯುಮೋನಿಯಾ.

ಚೇತರಿಸಿಕೊಂಡ ಮೇಲೆ ಮೈಸೂರಿನಲ್ಲಿ ಒಂದು ಪರೀಕ್ಷೆ ಮಾಡಿದರು. ಬೇರಿಯಂ ಬೆರೆಸಿದ ನೀರನ್ನು ಚಮಚದಲ್ಲಿ ಕೊಟ್ಟು, ನುಂಗುವಾಗ ಒಳಗೆ ಏನಾಗುತ್ತದೆ ಅಂತ ಎಕ್ಸ್‌ರೇಯಲ್ಲೇ ವಿಡಿಯೋ ಹಿಡಿಯುತ್ತಾರೆ. ನನಗೂ ತೋರಿಸಿದರು. ಬೂದು ಬಣ್ಣದ ಪರದೆ, ಅದರಲ್ಲಿ ಅವರ ಗದ್ದ, ಕತ್ತಿನ ಮೂಳೆಗಳು. ಕಪ್ಪಗೆ ಕಾಣುವ ಆ ದ್ರವ ನಾಲಿಗೆಯ ಹಿಂದೆ ಒಂದು ಗಳಿಗೆ ನಿಂತಿತು, ಆಮೇಲೆ ಬಹುಪಾಲು ಹಿಂದಿನ ದಾರಿಗೆ ಹೋಯಿತು, ನೂಲಿನಷ್ಟು ತೆಳ್ಳಗೆ ಒಂದು ಗೆರೆ ಮಾತ್ರ ಮುಂದಿನ ದಾರಿಯಲ್ಲಿ, ಶ್ವಾಸನಾಳದಲ್ಲಿ, ಇಳಿಯಿತು. ನಾನು ಗಾಬರಿಯಿಂದ ಅವರ ಮುಖ ನೋಡಿದೆ. ಅವರು ಶಾಂತವಾಗಿ ಕೂತಿದ್ದರು. ಒಂದು ಕೆಮ್ಮಿಲ್ಲ, ಕಣ್ಣಲ್ಲಿ ನೀರಿಲ್ಲ. ಅಷ್ಟು ದಿನ ಕೆಮ್ಮು ಬರದೇ ಇದ್ದದ್ದು ಗಂಟಲಿಗೆ ಅರಿವು ಮಂದವಾಗಿದ್ದಕ್ಕೆ ಅಂತ ಆವತ್ತು ಗೊತ್ತಾಯಿತು.

ಮಾವನವರು ಮೊನ್ನೆ ಕೆಮ್ಮಿದರು. ಅದು ಒಳ್ಳೆಯದೇ, ಕಾವಲು ಇನ್ನೂ ಎಚ್ಚರವಾಗಿದೆ. ಅದು ಮಂಕಾಗುವ ಮುಂಚೆ ತೋರಿಸಿಬಿಡಿ. ನ್ಯೂರಾಲಜಿ ಡಾಕ್ಟರಿಗೆ ನಡುಕ, ನಡಿಗೆಯ ಜೊತೆಗೆ ಊಟದ ವಿಷಯವನ್ನೂ ನೀನೇ ಬಾಯಿಬಿಟ್ಟು ಹೇಳು. ಹತ್ತು ನಿಮಿಷದ ಭೇಟಿಯಲ್ಲಿ ಅವರು ಕೇಳದೇ ಇರಬಹುದು. ಸ್ಪೀಚ್ ಥೆರಪಿಸ್ಟರ ಹತ್ತಿರ ಕಳಿಸಿ ಅಂತ ಕೇಳು. ಮಾತು ಕಲಿಸುವವರು ಗಂಟಲಿಗೇನು ಮಾಡುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ನುಂಗುವುದನ್ನು ಪರೀಕ್ಷಿಸಿ ತಿದ್ದುವವರು ಅವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ತಜ್ಞರಿದ್ದಾರೆ.

ಅಲ್ಲಿಯವರೆಗೆ ನೀನು ಮಾಡಬೇಕಾದ್ದು, ಊಟದ ಹೊತ್ತಿಗೆ ಅವರ ಪಕ್ಕದಲ್ಲಿ ಕೂತು ನೋಡುವುದು. ಬಡಿಸಿ ಒಳಗೆ ಹೋಗಬೇಡ. ತುತ್ತು ಬಾಯಲ್ಲೇ ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ, ಒಂದು ತುತ್ತಿಗೆ ಎಷ್ಟು ಸಲ ನುಂಗುತ್ತಾರೆ, ಊಟವಾದ ಮೇಲೆ ಕೆನ್ನೆಯ ಒಳಗೆ ಅನ್ನ ಉಳಿದಿದೆಯೇ, ದನಿ ಒದ್ದೆಯಾಗಿದೆಯೇ. ತೂಕ ತಿಂಗಳಿಗೊಮ್ಮೆ ಬರೆದಿಡು. ಕಾರಣವಿಲ್ಲದ ಜ್ವರ ಬಂದರೆ ಆ ದಿನಾಂಕವನ್ನೂ ಬರೆದಿಡು.

ನೀರಿನ ಚೊಂಬನ್ನು ಮಾತ್ರ ನಾಳೆಯಿಂದಲೇ ಬಿಡಿಸು. ಎಂಜಲಾಗಬಾರದು ಅಂತ ಎತ್ತಿ ಕುಡಿಯುವುದು ನಮ್ಮ ಕಡೆಯ ಹಿರಿಯರಿಗೆ ಮೈಗೂಡಿದ ಅಭ್ಯಾಸ. ಕತ್ತು ಹಿಂದಕ್ಕೆ ಹೋದರೆ ಶ್ವಾಸನಾಳದ ದಾರಿ ಇನ್ನಷ್ಟು ಸಲೀಸಾಗಿ ತೆರೆದುಕೊಳ್ಳುತ್ತದೆ, ನೀರು ತಡೆಯಿಲ್ಲದೆ ಸುರಿಯುತ್ತದೆ. ನಿನ್ನ ದೊಡ್ಡಪ್ಪನವರನ್ನು ಒಪ್ಪಿಸಲು ನನಗೆ ಒಂದು ತಿಂಗಳು ಬೇಕಾಯಿತು. ಅವರಿಗೇ ಅಂತ ಅಗಲ ಬಾಯಿಯ ಒಂದು ಹೊಸ ಲೋಟ ತಂದು, "ಇದು ನಿಮ್ಮೊಬ್ಬರದೇ, ಬೇರೆ ಯಾರೂ ಮುಟ್ಟಲ್ಲ, ಕಚ್ಚಿ ಕುಡೀರಿ" ಅಂದ ಮೇಲೆ ಒಪ್ಪಿದರು. ಅಗಲ ಬಾಯಿ ಯಾಕೆಂದರೆ ಕಿರಿದಾದ ಲೋಟದಲ್ಲಿ ಕೊನೆಯ ಗುಟುಕಿಗೆ ಮೂಗು ತಾಗಿ ಕತ್ತು ಎತ್ತಲೇಬೇಕಾಗುತ್ತದೆ. ಗದ್ದ ಸ್ವಲ್ಪ ಎದೆಯ ಕಡೆ ತಗ್ಗಿಸಿ ಒಂದೊಂದೇ ಗುಟುಕು. ಈ ಗದ್ದ ತಗ್ಗಿಸುವ ಉಪಾಯ ಹಲವರಿಗೆ ಒಗ್ಗುತ್ತದೆ, ಎಲ್ಲರಿಗೂ ಅಲ್ಲ. ಮಾವನವರಿಗೆ ಒಗ್ಗುತ್ತದೆಯೇ ಅಂತ ಥೆರಪಿಸ್ಟ್ ನೋಡಿ ಹೇಳಲಿ. ಮಲಗಿದವರ ಬಾಯಿಗೆ ನೀರು ಬಿಡುವುದು ಮಾತ್ರ ಯಾವ ಕಾರಣಕ್ಕೂ ಬೇಡ, ತೀರ್ಥವಾದರೂ ಸರಿ. ಎಬ್ಬಿಸಿ ಕೂರಿಸಿ ಕೊಡಿ.

ಊಟದ ವಿಷಯದಲ್ಲಿ ನಮ್ಮ ಅಡುಗೆಯೇ ನಮಗೆ ಸವಾಲು. ತಿಳಿಸಾರು ಕಲಸಿದ ಅನ್ನ ಮೆತ್ತಗಿದೆ, ಮುದುಕರಿಗೆ ಅದೇ ಒಳ್ಳೆಯದು ಅಂತ ನಾವು ನಂಬಿದ್ದೇವೆ. ನಿಧಾನವಾದ ಗಂಟಲಿಗೆ ಅದು ಕಷ್ಟದ ಊಟ, ಯಾಕೆಂದರೆ ಬಾಯಲ್ಲಿ ಎರಡು ಬಗೆ ಇರುತ್ತದೆ. ಅನ್ನವನ್ನು ಅಗಿಯುತ್ತಿರುವಾಗಲೇ ಸಾರು ತಾನು ಮುಂದಾಗಿ ಜಾರಿಬಿಡುತ್ತದೆ. ಮೊನ್ನೆ ಆದದ್ದೂ ಅದೇ ಇರಬೇಕು. ಮುದ್ದೆಯೂ ಹಾಗೇ. ಹಾಸನ, ಮಂಡ್ಯದ ಕಡೆಯವರಾದ ನಮಗೆ ಮುದ್ದೆ ಅಗಿದು ಗೊತ್ತಿಲ್ಲ, ಸಾರಲ್ಲಿ ಅದ್ದಿ ನುಂಗುವುದು. ಗಟ್ಟಿಯಾದ, ಅಂಟುವ ಉಂಡೆಯನ್ನು ಇಡಿಯಾಗಿ ಇಳಿಸಲು ಗಂಟಲಿಗೂ ಅನ್ನನಾಳಕ್ಕೂ ಬಲ ಬೇಕು. ನಿನ್ನ ದೊಡ್ಡಪ್ಪನವರಿಗೆ ಮುದ್ದೆ ಬಿಡಿಸಿದ ದಿನ ಅವರು ಮಾತಾಡಲಿಲ್ಲ. ನಾನು ಅದೇ ರಾಗಿಹಿಟ್ಟನ್ನು ಗಂಟಿಲ್ಲದೆ ಸರಿಯ ಹಾಗೆ ಬೇಯಿಸಿ, ಅದೇ ಬಸ್ಸಾರಿನ ಖಾರವನ್ನು ನುಣ್ಣಗೆ ರುಬ್ಬಿ ಗಟ್ಟಿಯಾಗಿ ಮಾಡಿ ಬೆರೆಸಿಕೊಟ್ಟೆ. ಬೆಳ್ಳುಳ್ಳಿಯ ಘಮ ಅದೇ ಇತ್ತು. ಎರಡನೇ ಸಲ ಹಾಕಿಸಿಕೊಂಡರು. ಹಾಗಾಗಿ ಕೇಳು, ಬಾಯಿಗೆ ರುಚಿಯಿಲ್ಲದ ಗಂಜಿ ಕೊಟ್ಟು ಅವರನ್ನು ರೋಗಿ ಮಾಡಬೇಡ. ತುಪ್ಪ ಹಾಕಿ ಕಿವುಚಿದ ಪೊಂಗಲ್, ಕೆನೆಮೊಸರಲ್ಲಿ ನುಣ್ಣಗೆ ಕಿವುಚಿದ ಅನ್ನ, ಪರಂಗಿ ಹಣ್ಣು, ಬೇಯಿಸಿ ಹಿಸುಕಿದ ಕುಂಬಳಕಾಯಿ, ಇವೆಲ್ಲ ಒಂದೇ ಹದದಲ್ಲಿ ಇಳಿಯುತ್ತವೆ. ಪುಡಿಪುಡಿಯಾಗುವ ಪುರಿ, ಅವಲಕ್ಕಿ, ಚಟ್ನಿಪುಡಿ, ಕಡಲೆಕಾಯಿ ಬೀಜ, ಒಣ ಚಪಾತಿ ಮಾತ್ರ ಅವರ ತಟ್ಟೆಯಿಂದ ದೂರವಿರಲಿ.

ನೀರು, ಕಾಫಿ, ಮಜ್ಜಿಗೆಯನ್ನು ಗಟ್ಟಿ ಮಾಡಿ ಕೊಡಿ ಅಂತ ಕೆಲವರಿಗೆ ಹೇಳುತ್ತಾರೆ, ಅದಕ್ಕೆ ಪುಡಿಯೂ ಸಿಗುತ್ತದೆ. ಅದನ್ನು ನಿನ್ನಷ್ಟಕ್ಕೆ ನೀನೇ ಶುರುಮಾಡಬೇಡ. ಗಟ್ಟಿ ನೀರು ಯಾರಿಗೂ ಇಷ್ಟವಾಗುವುದಿಲ್ಲ, ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ, ಬೇಸಿಗೆಯಲ್ಲಿ ಮೈಯ ನೀರಿನಂಶ ಇಳಿದು ಮಲಬದ್ಧತೆ, ಗೊಂದಲ ಎಲ್ಲ ಹೆಚ್ಚುತ್ತದೆ. ಅಮೆರಿಕದಲ್ಲಿ ಮರೆವಿನ ಕಾಯಿಲೆ ಅಥವಾ ಪಾರ್ಕಿನ್ಸನ್ ಇರುವ 515 ಜನರನ್ನು ಮೂರು ತಿಂಗಳು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ನಮ್ಮ ಥೆರಪಿಸ್ಟ್ ಹೇಳಿದ್ದರು. ಗದ್ದ ತಗ್ಗಿಸಿ ತೆಳು ದ್ರವ ಕುಡಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ನ್ಯುಮೋನಿಯಾ ಬರುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಹಾಗಂತ ಅದು ಯಾರಿಗೂ ಬೇಡ ಅಂತಲ್ಲ, ಪರೀಕ್ಷೆ ನೋಡಿ ತೀರ್ಮಾನಿಸಬೇಕು. ಬೇಕು ಅಂದರೆ ಹದವನ್ನು ಸಿರಿಂಜಿನಲ್ಲಿ ಅಳೆಯುವುದನ್ನೂ ಕಲಿಸುತ್ತಾರೆ: 10 ಮಿಲಿ ತುಂಬಿ ಹತ್ತು ಸೆಕೆಂಡು ಇಳಿಯಬಿಟ್ಟು, ಎಷ್ಟು ಉಳಿಯಿತು ಅಂತ ನೋಡುವುದು. ಇನ್ನೊಂದು ಸಣ್ಣ ವಿಷಯ ನಾನು ತಡವಾಗಿ ಕಲಿತೆ. ಹಿಟ್ಟಿನಿಂದ ಗಟ್ಟಿಯಾದದ್ದು ಎಂಜಲು ಸೇರಿದರೆ ನೀರಾಗುತ್ತದೆ. ಬಾಯಿಗಿಟ್ಟ ಚಮಚವನ್ನೇ ಬಟ್ಟಲಿಗೆ ಮತ್ತೆ ಮತ್ತೆ ಅದ್ದಿದರೆ ಕೊನೆಗೆ ಅಂಬಲಿಯೂ ತೆಳ್ಳಗಾಗಿರುತ್ತದೆ. ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಹಾಕಿಕೊಂಡು ಕೊಡು.

ಮಾತ್ರೆಯ ಹೊತ್ತು ಮತ್ತು ಊಟದ ಹೊತ್ತು ಜೋಡಿಯಾಗಬೇಕು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವಾಗ ಅವರ ಕೈ, ಕತ್ತು, ದವಡೆ ಎಲ್ಲ ಹಗುರವಾಗಿರುತ್ತವೆ, ಊಟ ಆಗ ಆಗಲಿ. ಸಾಮಾನ್ಯವಾಗಿ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಮಾತ್ರೆ. ಬೇಳೆ, ಹಾಲು, ಮೊಟ್ಟೆಯಂಥ ಪ್ರೋಟೀನಿನ ಜೊತೆಗೇ ನುಂಗಿದರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ನುಂಗಲು ಕಷ್ಟ ಅಂತ ಮಾತ್ರೆಯನ್ನು ಪುಡಿ ಮಾಡುವ ಮುಂಚೆ ಕೇಳು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿ ಮಾಡಲೇಬಾರದು.

ಇಲ್ಲಿ ನನ್ನ ಹೊಟ್ಟೆಯಲ್ಲಿರುವ ಒಂದು ಸಂಕಟ ಹೇಳುತ್ತೇನೆ. ನ್ಯುಮೋನಿಯಾಕ್ಕೆ ಸೇರಿಸಿದಾಗ ಬಾಯಿಗೆ ಏನೂ ಕೊಡಬಾರದು ಅಂತ ಬರೆದರು, ಅದರ ಜೊತೆ ಪಾರ್ಕಿನ್ಸನ್ ಮಾತ್ರೆಯೂ ಎರಡು ದಿನ ನಿಂತುಹೋಯಿತು. ವಾಂತಿಗೆ ಅಂತ ಕೊಟ್ಟ ಇಂಜೆಕ್ಷನ್ ಮೆಟೊಕ್ಲೋಪ್ರಮೈಡ್. ಮೈ ಮರದ ಹಾಗೆ ಸೆಟೆಯಿತು. ನೋಡಿಕೊಂಡವರು ಕೆಟ್ಟವರಲ್ಲ, ಗಮನಕ್ಕೆ ಬರಲಿಲ್ಲ. ನನಗೂ ಕೇಳುವ ತಿಳಿವಳಿಕೆ ಇರಲಿಲ್ಲ. ನಿನಗೆ ಇರಲಿ. ಪಾರ್ಕಿನ್ಸನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ, ಬಾಯಿಗೆ ಆಗದಿದ್ದರೆ ಮೂಗಿನ ನಳಿಕೆಯಲ್ಲಾದರೂ ಕೊಡಬಹುದೇ ಅಂತ ಕೇಳಬೇಕು. ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೈನ್ ಎರಡೂ ಈ ಕಾಯಿಲೆಯನ್ನು ಕೆರಳಿಸುತ್ತವೆ. ಈ ಎರಡು ಹೆಸರನ್ನು ಕೆಂಪು ಶಾಯಿಯಲ್ಲಿ ಒಂದು ಚೀಟಿಯ ಮೇಲೆ ಬರೆದು ಮಾವನವರ ಫೈಲಿನ ಮೊದಲ ಪುಟಕ್ಕೆ ಅಂಟಿಸು.

"ಎದೆಯಲ್ಲಿ ನಿಂತ ಹಾಗಾಗುತ್ತೆ" ಅಂತ ಮಾವನವರು ಹೇಳುತ್ತಾರೆ ಅಂದಿದ್ದೆ. ಅದು ಗಂಟಲಿನ ಕೆಳಗಿನ ಕಥೆ, ಅನ್ನನಾಳದ್ದು. ಪಾರ್ಕಿನ್ಸನ್‌ನಲ್ಲಿ ಮೆದುಳಿನ ನರಕೋಶಗಳಲ್ಲಿ ಕೂಡಿಕೊಳ್ಳುವ ಪ್ರೋಟೀನಿನ ಗಂಟುಗಳು ಅನ್ನನಾಳದ ಗೋಡೆಯ ನರಗಳಲ್ಲೂ ಸಿಕ್ಕಿವೆ. ಹಾಗಾಗಿ ಹಿಂಡುವ ಅಲೆ ಸೋಲುತ್ತದೆ, ತುತ್ತು ನಡುವೆ ತಂಗುತ್ತದೆ, ಹೊಟ್ಟೆಯೂ ನಿಧಾನವಾಗಿ ಖಾಲಿಯಾಗುತ್ತದೆ, ಹುಳಿ ಮೇಲಕ್ಕೆ ಬರುತ್ತದೆ. ಊಟವಾದ ಮೇಲೆ ಅರ್ಧ ಮುಕ್ಕಾಲು ಗಂಟೆ ಕೂತೇ ಇರಲಿ, ಮಧ್ಯಾಹ್ನದ ನಿದ್ದೆ ಆಮೇಲೆ. ಮಾತ್ರೆಗಳೂ ಅಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡುತ್ತವೆ, ಅದರಲ್ಲೂ ಕಬ್ಬಿಣದ ಮಾತ್ರೆ, ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಮಾತ್ರೆ. ಮಲಗುವ ಮುಂಚೆ ಒಂದು ಗುಟುಕು ನೀರಲ್ಲಿ ನುಂಗಿಸಿ ದೀಪ ಆರಿಸುವ ಅಭ್ಯಾಸವಿದ್ದರೆ ಬಿಡಿ. ಆದರೆ ಎಲ್ಲವನ್ನೂ ಪಾರ್ಕಿನ್ಸನ್ ತಲೆಗೆ ಕಟ್ಟಬೇಡ. ಮೊದಲು ಗಟ್ಟಿ ತುತ್ತು, ಆಮೇಲೆ ಮೆತ್ತಗಿನದೂ ನಿಲ್ಲುತ್ತಾ ಬಂದು ತೂಕ ಇಳಿಯುತ್ತಿದ್ದರೆ ಎಂಡೋಸ್ಕೋಪಿ ಆಗಲೇಬೇಕು. ಅನ್ನನಾಳದ ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ, ತಡಮಾಡುವ ಕಾಯಿಲೆಯಲ್ಲ ಅದು.

ಹಲ್ಲುಜ್ಜಿಸುವುದನ್ನು ಯಾರೂ ಔಷಧಿ ಅಂತ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ. ಶ್ವಾಸಕೋಶಕ್ಕೆ ಸೋರುವ ಎಂಜಲನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಅದರಲ್ಲಿರುವ ಕೊಳೆಯನ್ನು ಕಮ್ಮಿ ಮಾಡಬಹುದು. ಜಪಾನಿನ ವೃದ್ಧಾಶ್ರಮಗಳಲ್ಲಿ ಊಟವಾದ ಮೇಲೆ ಹಿರಿಯರ ಬಾಯಿ ಶುಚಿ ಮಾಡಿಸಿ ನೋಡಿದಾಗ ನ್ಯುಮೋನಿಯಾ ಕಮ್ಮಿಯಾಗಿದ್ದನ್ನು ಅಲ್ಲಿಯ ವೈದ್ಯರು ದಾಖಲಿಸಿದ್ದಾರೆ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದಿಡಿ.

ಜೊಲ್ಲಿನ ಬಗ್ಗೆ ಅವರಿಗೆ ನಾಚಿಕೆ ಇರುತ್ತದೆ. ಎಂಜಲು ಹೆಚ್ಚು ಊರಿದ್ದರಿಂದ ಅಲ್ಲ, ನಾವು ಅರಿವಿಲ್ಲದೆ ಮತ್ತೆ ಮತ್ತೆ ನುಂಗುವ ಹಾಗೆ ಅವರು ನುಂಗದೇ ಇರುವುದರಿಂದ ಅದು ಹೊರಗೆ ಬರುತ್ತದೆ. ಎಲ್ಲರೆದುರು "ಬಾಯಿ ಒರೆಸ್ಕೊಳ್ಳಿ" ಅನ್ನಬೇಡ. "ಒಂದು ಸಲ ನುಂಗಿ" ಅಂತ ಮೆಲ್ಲಗೆ ಹೇಳು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಬಾಯಿ ಒಣಗಿಸುತ್ತದೆ, ವಯಸ್ಸಾದವರಿಗೆ ಮನಸ್ಸನ್ನೂ ಮಬ್ಬು ಮಾಡುತ್ತದೆ. ಅವರ ಚೀಟಿಯಲ್ಲಿ ಇದ್ದರೆ ಡಾಕ್ಟರನ್ನು ಕೇಳು.

ನಿನ್ನ ಗೆಳತಿಯ ತಾಯಿಗೆ ಆಲ್ಝೈಮರ್ ಅಂದೆಯಲ್ಲ, ಈ ಕಾಗದವನ್ನೇ ಅವಳಿಗೆ ಓದಿಸಿದರೆ ಸಾಲದು. ಅವರು ತುತ್ತನ್ನು ಬಾಯಲ್ಲಿಟ್ಟುಕೊಂಡು ನುಂಗಲು ಮರೆಯುತ್ತಾರೆ, ಅಲ್ಲಿ ಬೇಕಾದ್ದು ನೆನಪಿಸುವ ತಾಳ್ಮೆ. ಕಾಯಿಲೆ ಬೇರೆಯಾದರೆ ದಾರಿಯೂ ಬೇರೆ: ಎ.ಎಲ್.ಎಸ್. ಅನ್ನುವ ನರಸ್ನಾಯು ಕಾಯಿಲೆಯಲ್ಲಿ ಉಸಿರಿನ ಬಲ ಪೂರ್ತಿ ಕುಂದುವ ಮುಂಚೆಯೇ ಹೊಟ್ಟೆಗೆ ನಳಿಕೆ ಹಾಕಿಸುವ ಮಾತು ಬರುತ್ತದೆ.

ಉಸಿರು ಕಟ್ಟಿದರೆ ಏನು ಮಾಡಬೇಕು ಅಂತ ಮನೆಯ ಎಲ್ಲರೂ ಕಲಿಯಿರಿ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ, ನೆತ್ತಿ ತಟ್ಟಬೇಡಿ, ನೀರು ಕೊಡಬೇಡಿ. ದನಿಯೂ ಇಲ್ಲ, ಕೆಮ್ಮೂ ಇಲ್ಲ, ಮುಖ ಕಪ್ಪಿಡುತ್ತಿದೆ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ಎರಡು ಹಲಗೆಯ ನಡುವೆ ಅಂಗೈಯ ಬುಡದಿಂದ ಐದು ಸಲ ಜೋರಾಗಿ ಗುದ್ದಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಹೋಗುವವರೆಗೂ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತಲು ಶುರುಮಾಡಬೇಕು. ಕಾಣದ ತುತ್ತಿಗಾಗಿ ಬಾಯೊಳಗೆ ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಕೊನೆಯದು ಹೇಳಲು ಕಷ್ಟದ ಮಾತು. ಬಾಯಿಂದ ಸಾಕಾಗದ ದಿನ ಬಂದರೆ ನಳಿಕೆ ಹಾಕಿಸಬೇಕೇ ಅನ್ನುವ ಪ್ರಶ್ನೆ ಬರುತ್ತದೆ. ಕೆಲವರಿಗೆ ಅದು ಸಹಾಯ. ಮರೆವಿನ ಕಾಯಿಲೆ ತೀರಾ ಮುಂದುವರಿದವರಿಗೆ ಅದರಿಂದ ಆಯಸ್ಸು ಹೆಚ್ಚಿದ್ದಾಗಲಿ ನ್ಯುಮೋನಿಯಾ ತಪ್ಪಿದ್ದಾಗಲಿ ಕಂಡಿಲ್ಲ, ಅಂಥವರಿಗೆ ಕೈಯಾರೆ ನಿಧಾನವಾಗಿ ಉಣಿಸುವುದೇ ಮೇಲು ಅಂತ ವೃದ್ಧರ ವೈದ್ಯರು ಹೇಳುತ್ತಾರೆ. ಮಾವನವರ ಬುದ್ಧಿ ಇವತ್ತು ಸ್ಪಷ್ಟವಾಗಿದೆ. ಇವತ್ತೇ, ಮಗನೂ ನೀನೂ ಕೂತು, ಅವರಿಗೆ ಏನು ಬೇಕು ಅಂತ ಅವರನ್ನೇ ಕೇಳಿ. ನಿನ್ನ ದೊಡ್ಡಪ್ಪನವರನ್ನು ನಾನು ಕೇಳಿದ್ದೆ. "ನಳಿಕೆ ಬೇಡ, ನೀನು ಕೊಟ್ಟಷ್ಟು ಸಾಕು" ಅಂದಿದ್ದರು. ಕೊನೆಯ ತಿಂಗಳಲ್ಲಿ ದಿನಕ್ಕೆ ಕೆಲವೇ ಚಮಚ ಹೋಗುತ್ತಿತ್ತು. ಕೊನೆಯದಾಗಿ ಕೇಳಿದ್ದು ಕಾಯಿಹಾಲು ಹಾಕಿದ ರಾಗಿ ಸರಿ, ಬೆಲ್ಲ ಸ್ವಲ್ಪ ಮುಂದು. ಮೂರು ಚಮಚ ಕೊಟ್ಟೆ, ಒಂದೊಂದಕ್ಕೂ ಗಂಟಲ ಉಬ್ಬು ಏರಿ ಇಳಿಯುವವರೆಗೆ ಕಾದು.

ಬುಧವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವರ ಮಾತ್ರೆಯ ವೇಳೆಗಳನ್ನೆಲ್ಲ ಬರೆದಿಟ್ಟಿರು. ಮಧ್ಯಾಹ್ನದ ಊಟಕ್ಕೆ ನಾನೇ ಅವರ ಪಕ್ಕ ಕೂರುತ್ತೇನೆ, ನೀನು ಎದುರಿಗೆ ಕೂತು ನೋಡು. ಅಗಲ ಬಾಯಿಯ ಆ ಲೋಟ ಇನ್ನೂ ನನ್ನ ಹತ್ತಿರವೇ ಇದೆ. ಅವರಿಗೆ ಹಳೆಯದು ಬೇಡ, ಅಂಥದೇ ಹೊಸದೊಂದು ತರುತ್ತೇನೆ.

ನಿನ್ನ ದೊಡ್ಡಮ್ಮ